ಯಾವ ತೋಟದ ಮನೆ?

ಹೋದ ತಿಂಗಳು ಒಂದು ಶನಿವಾರ, ಮಿನಿವ್ಯಾನಿನ ಹಿಂದಿನ ಸೀಟು ಮಡಚಿ, ಹಳೇ ಜಮಖಾನ ಹಾಸಿ, ಒಂದು ಗ್ರೇಟ್ ಡೇನ್ ನಾಯಿಯನ್ನು ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಿಂದ ಮೌಂಟ್ ಏರಿವರೆಗೆ ಕರೆದುಕೊಂಡು ಹೋದೆ. ಒಂದೂವರೆ ಗಂಟೆ ದಾರಿ. ಸೌತ್ ಕ್ಯಾರೊಲೈನಾದ ಕೊಲಂಬಿಯಾದಿಂದ ಒಬ್ಬರು ತಂದು ನನಗೆ ಒಪ್ಪಿಸಿದ್ದರು, ನಾನು ಇನ್ನೊಬ್ಬರಿಗೆ ಒಪ್ಪಿಸಿದೆ, ಹೀಗೆ ಕೈಯಿಂದ ಕೈಗೆ ಐ-77 ಹೆದ್ದಾರಿಯಲ್ಲೇ ವರ್ಜೀನಿಯಾ, ವೆಸ್ಟ್ ವರ್ಜೀನಿಯಾ ದಾಟಿ ರಾತ್ರಿ ಹೊತ್ತಿಗೆ ಓಹಾಯೋದ ಒಂದು ಮನೆ ಸೇರಿತು. ಯಾರಿಗೂ ಸಂಬಳ ಇಲ್ಲ, ಪೆಟ್ರೋಲೂ ನಮ್ಮದೇ. 60 ಕಿಲೋ ಮೇಲಿನ ಪ್ರಾಣಿ, ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಜೊಲ್ಲು. ಹೊರಡುವಾಗ ನೋಡಿದ ನನ್ನ ಹೆಂಡತಿ "ಇದು ನಾಯಿನಾ, ಕರುನಾ?" ಅಂದಳು.

ಅಮೆರಿಕದಲ್ಲಿ ಒಂದೊಂದು ತಳಿಗೂ ಹೀಗೆ, ಮನೆ ಕಳೆದುಕೊಂಡ ನಾಯಿಗೆ ಹೊಸ ಮನೆ ಹುಡುಕುವ ಸ್ವಯಂಸೇವಕರ ಗುಂಪುಗಳಿವೆ. ಎಷ್ಟೋ ಗುಂಪುಗಳಿಗೆ ಸ್ವಂತ ಕಟ್ಟಡ ಕೂಡ ಇಲ್ಲ. ಹೊಸ ಮನೆ ಸಿಗುವ ತನಕ ನಾಯಿ ಯಾರಾದರೊಬ್ಬರ ಮನೆಯಲ್ಲಿ ಇರುತ್ತದೆ, ಅದಕ್ಕೆ ಫಾಸ್ಟರ್ ಅನ್ನುತ್ತಾರೆ. ನಾಯಿ ಬೇಕು ಅಂದರೆ ಉದ್ದದ ಅರ್ಜಿ: ಡಾಕ್ಟರ್ ಯಾರು, ಬೇಲಿ ಎಷ್ಟೆತ್ತರ, ಹಗಲು ಮನೆಯಲ್ಲಿ ಯಾರಿರ್ತಾರೆ. ಆಮೇಲೆ ಒಬ್ಬರು ಮನೆ ನೋಡೋಕೆ ಬರುತ್ತಾರೆ. ಥೇಟ್ ಹೆಣ್ಣು ನೋಡೋ ಶಾಸ್ತ್ರ, ಉಪ್ಪಿಟ್ಟು ಕೇಸರಿಬಾತ್ ಒಂದಿಲ್ಲ ಅಷ್ಟೆ. ಬೇಲಿ ಇಲ್ಲ ಅಂತ ಮೊದಲನೇ ಸಲ ನನ್ನನ್ನು ಒಪ್ಪಲೇ ಇಲ್ಲ. ಸಾಗರದ ನಮ್ಮ ಅಜ್ಜಿ ಮನೆ ನಾಯಿಗೆ ಬೇಲಿಯೂ ಇರಲಿಲ್ಲ, ಬೆಲ್ಟೂ ಇರಲಿಲ್ಲ, ಅನ್ನ ಮಜ್ಜಿಗೆ ತಿಂದು ಊರೆಲ್ಲ ಸುತ್ತಿ ಬರ್ತಿತ್ತು!

ಹಾಗಂತ ಅಮೆರಿಕ ನಾಯಿಗಳ ಸ್ವರ್ಗ ಏನಲ್ಲ. ದಿಕ್ಕಿಲ್ಲದ ನಾಯಿಗಳನ್ನು ಇಡುವ, ಜಾಗ ಸಾಲದ ಶೆಲ್ಟರ್‌ಗಳಲ್ಲಿ ಆರೋಗ್ಯವಾಗಿರುವ ನಾಯಿಗಳಿಗೂ ಸೂಜಿ ಚುಚ್ಚಿ ಸಾಯಿಸುತ್ತಾರೆ. ಬಾಡಿಗೆ ಮನೆಗಳಲ್ಲಿ ನಾಯಿ ತೂಕಕ್ಕೆ ಮಿತಿ ಇರುವುದರಿಂದ ದೊಡ್ಡ ನಾಯಿಗಳಿಗೆ ಇನ್ನೂ ಕಷ್ಟ. ನಮ್ಮಲ್ಲಿ ಬೀದಿ ನಾಯಿಯನ್ನು ಹಿಡಿದರೆ ಮರಿ ಆಗದ ಹಾಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ ಅದೇ ಬೀದಿಗೆ ಬಿಡಬೇಕು ಅಂತ 2001ರಿಂದಲೇ ನಿಯಮ ಇದೆ. ಇಲ್ಲಿನವರಿಗೆ ಹೇಳಿದರೆ ನಂಬಲ್ಲ.

ಆದರೆ ಈ ಗುಂಪುಗಳು ನಾಯಿ ಕೊಡುವಾಗ ಮಾಡಿಕೊಳ್ಳುವ ಒಪ್ಪಂದದಲ್ಲಿ ಒಂದು ಸಾಲು ಇರುತ್ತದಲ್ಲ, ಅದು ಬೆಂಗಳೂರಿಗೆ ಬೇಕು. ಸಾಕೋಕೆ ಆಗದಿದ್ದರೆ, ಯಾವಾಗ ಬೇಕಾದರೂ ಸರಿ, ನಮಗೇ ವಾಪಸ್ ಕೊಡಿ, ಬೇರೆಯವರಿಗೆ ಕೊಡಬೇಡಿ ಅಂತ. ನಾನು ಕರೆದೊಯ್ದ ನಾಯಿಯೂ ವಾಪಸ್ ಬಂದದ್ದೇ. ಮೂರು ವರ್ಷ ಸಾಕಿದ್ದ ವಯಸ್ಸಾದವರಿಗೆ ಮಂಡಿ ಆಪರೇಷನ್ ಆಗಿತ್ತು, ಅಷ್ಟು ದೊಡ್ಡ ನಾಯಿಯನ್ನು ಹಿಡಿಯೋಕೆ ಆಗ್ತಿರಲಿಲ್ಲ. ಅಳುತ್ತಾ ಕೊಟ್ಟರಂತೆ. ಜೊತೆಗೆ ಮಾತ್ರೆ, ಲಸಿಕೆ ಚೀಟಿ, ಅದರ ಹಾಸಿಗೆ. ಯಾರೂ ಅವರನ್ನು ಬೈಯಲಿಲ್ಲ.

ಬೆಂಗಳೂರಲ್ಲಿ ಬೈತಾರೆ. ವಾಟ್ಸಾಪ್ ಗುಂಪಲ್ಲಿ ಹೆಸರು ಹಾಕಿ ಮಾನ ಕಳೆಯುತ್ತಾರೆ. ಅದಕ್ಕೇ ಜನ ರಾತ್ರಿ ಬಂದು ನಾಯಿ ಸಾಕುವವರ ಗೇಟಿಗೆ ಕಟ್ಟಿ ಓಡುತ್ತಾರೆ. ಪ್ರಾಣಿಗಳನ್ನು ನೋಡಿಕೊಳ್ಳುವ ಕ್ಯೂಪಾದಂಥ ಸಂಸ್ಥೆ 1991ರಿಂದ ಇದೆ, ನಿಜ, ಆದರೆ ಈ ಊರಿಗೆ ಅದೊಂದೇ ಎಲ್ಲಿ ಸಾಲುತ್ತೆ? ಉಳಿದದ್ದೆಲ್ಲ ಬಾಡಿಗೆ ಮನೆಯಲ್ಲಿ ಹನ್ನೊಂದು ನಾಯಿ ಇಟ್ಟುಕೊಂಡು ಓನರ್ ಹತ್ರ ಬೈಸಿಕೊಳ್ಳುವ ಯಾರೋ ಒಬ್ಬ ಅಕ್ಕನ ತಲೆ ಮೇಲೆ. ಹದಿನೈದು ದಿನ ಒಂದು ನಾಯಿ ಇಟ್ಟುಕೊಳ್ಳೋಣ ಅನ್ನುವವರು ಕಮ್ಮಿ, "ಮೇಡಂ, ಬಂದು ಎತ್ಕೊಂಡು ಹೋಗಿ" ಅನ್ನುವವರೇ ಜಾಸ್ತಿ. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿ ನಿಷೇಧಿಸಿ ಅಂತ ಸುತ್ತೋಲೆ ಕಳಿಸಿತು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟೂ ದಿನ ಚರ್ಚೆ ನಡೆದದ್ದು ಯಾವ ನಾಯಿ ಕಚ್ಚುತ್ತೆ ಅನ್ನೋದರ ಮೇಲೆ. ಸಾಕಿದವನಿಗೆ ಸಾಕಾದಾಗ ಅದು ಎಲ್ಲಿಗೆ ಹೋಗಬೇಕು ಅಂತ ಯಾರು ಕೇಳಿದರು?

ನಮ್ಮ ಚಿಕ್ಕಪ್ಪನ ಮಗ ಯಲಹಂಕದ ಫ್ಲ್ಯಾಟಲ್ಲಿ ಸೇಂಟ್ ಬರ್ನಾರ್ಡ್ ಸಾಕಿದ್ದ. ಹಿಮದ ನಾಯಿ, ಬಾಲ್ಕನಿ, ಏಪ್ರಿಲ್ ಬಿಸಿಲು. ಪುಣೆಗೆ ವರ್ಗ ಆದಾಗ "ತೋಟದ ಮನೆಗೆ ಕೊಟ್ವಿ ಅಣ್ಣ, ಆರಾಮಾಗಿದೆ" ಅಂದ. ಎಲ್ಲರೂ ಹೇಳೋದು ಇದನ್ನೇ ಅಲ್ವಾ? ಮೊನ್ನೆ ಫೋನಲ್ಲಿ ಯಾವ ತೋಟ ಅಂತ ಕೇಳಿದೆ.

"ಚಿಕ್ಕಬಳ್ಳಾಪುರದ ಕಡೆ ಎಲ್ಲೋ ಅಣ್ಣ" ಅಂದ.