‘ಎಲುಬು ಬೆಳೆಸೋ ಇಂಜೆಕ್ಷನ್’ ಬರೆದುಕೊಟ್ಟರೆ ಇಷ್ಟಾದರೂ ಕೇಳಿ

ನಮ್ಮ ಜಮಖಂಡಿ, ಮುಧೋಳ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರ್ ಅಪಘಾತದ ಸುದ್ದಿಯೂ ಬರುತ್ತದೆ. ಕಾಲು ಮುರಿದು, ರಾಡ್ ಹಾಕಿದರೂ ಎಲುಬು ಕೂಡದೆ, ಸೊಂಟದ ಎಲುಬು ತೆಗೆದು ಅಲ್ಲಿ ತುಂಬಿಸಿಕೊಂಡವರು ನನಗೆ ಗೊತ್ತಿದ್ದಾರೆ. ಅಂಥವರ ಚೀಟಿಯಲ್ಲಿ ಈಗ ಒಮ್ಮೊಮ್ಮೆ ಟೆರಿಪ್ಯಾರಟೈಡ್ ಅನ್ನೋ ಹೆಸರಿರುತ್ತದೆ. ಮೆಡಿಕಲ್ ಅಂಗಡಿಯವರು ಅದನ್ನು ‘ಎಲುಬು ಬೆಳೆಸೋ ಇಂಜೆಕ್ಷನ್’ ಅಂದುಬಿಡುತ್ತಾರೆ.

ನನ್ನ ತಕರಾರು ಔಷಧದ ಮೇಲಲ್ಲ, ಅದನ್ನು ಕೊಡುವಾಗ ನುಂಗಿಬಿಡುವ ಮಾತಿನ ಮೇಲೆ.

ಇದು ಹಾರ್ಮೋನ್. ಥೈರಾಯ್ಡ್ ಹಿಂದೆ ಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ, ಅವು ಮಾಡುವ ಹಾರ್ಮೋನಿನಲ್ಲಿ 84 ಅಮೈನೋ ಆಮ್ಲಗಳು. ಅದರ ಮೊದಲ 34ರ ತುಣುಕೇ ಈ ಔಷಧ. ಮಜಾ ನೋಡಿ, ಈ ಹಾರ್ಮೋನ್ ರಕ್ತದಲ್ಲಿ ಸದಾ ಜಾಸ್ತಿ ಇದ್ದರೆ ಎಲುಬು ಸವೆಯುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಕೊಟ್ಟರೆ ಬೆಳೆಯುತ್ತದೆ. ಹೊಲಕ್ಕೆ ನೀರು ಬಿಟ್ಟ ಹಾಗೆ: ಹದಕ್ಕೆ ಬಿಟ್ಟರೆ ಪೀಕು, ನಿಂತರೆ ಬೇರು ಕೊಳೆತಂತೆ.

ಮುರಿದ ಜಾಗಕ್ಕೆ ತುಂಬಿದ ಎಲುಬಿಗೂ ಇದು ನೆರವಾದೀತು ಅನ್ನೋ ಆಸೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮದೇ ಸೊಂಟದ ಎಲುಬಿನಲ್ಲಿ ಜೀವಕೋಶಗಳಿರುತ್ತವೆ. ಅದರ ಬದಲು ಬೇರೆಯವರು ದಾನ ಕೊಟ್ಟ ಎಲುಬನ್ನು ಸಂಸ್ಕರಿಸಿ ತುಂಬಿದ್ದರೆ ಅದರಲ್ಲಿ ಜೀವ ಇರೋದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಇಂಥದ್ದನ್ನು ಒದಗಿಸುತ್ತಿದೆ. ಅಂಥ ಎಲುಬಿನ ಸುತ್ತ ದೇಹ ಗಾಯದ ನಾರು ಕಟ್ಟಿಬಿಟ್ಟರೆ ಬೆಸುಗೆ ಕೂಡೋದಿಲ್ಲ. ಇಲಿಗಳಿಗೆ ದಿನಾ ಈ ಹಾರ್ಮೋನ್ ಕೊಟ್ಟಾಗ ಆ ನಾರು ಕಡಿಮೆಯಾಗಿ ಬೆಸುಗೆ ಚೆನ್ನಾಗಿ ಕೂಡಿತು.

ಆದರೆ ಅದು ಇಲಿ. ಮನುಷ್ಯರಿಗೆ ಅಮೆರಿಕದಲ್ಲಿ 2002ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಎಲುಬು ಟೊಳ್ಳಾಗುವ ಕಾಯಿಲೆಗೆ. ಕೂಡದ ಎಲುಬಿಗೆ ಕೊಡೋದು ವೈದ್ಯರ ವಿವೇಚನೆ. ಕೊಡಬಾರದು ಅಂತಲ್ಲ. “ನೋಡ್ರಿ, ಇದು ಪ್ರಯತ್ನ, ಖಾತ್ರಿ ಇಲ್ಲ” ಅಂತ ಒಂದು ಮಾತು ಹೇಳಲು ಏನು ಕಷ್ಟ? ದುಡ್ಡು ಹೋಗೋದು ರೈತನ ಜೇಬಿನಿಂದ.

ನಮ್ಮ ಸೋದರಮಾವನಿಗೂ ಹೀಗೇ ಆಯಿತು. ಪೆನ್ನಿನಂಥ ಸಿರಿಂಜ್ ಕೈಗಿಟ್ಟು ಕಳಿಸಿದರು. ಅದು ಫ್ರಿಜ್‌ನಲ್ಲೇ ಇರಬೇಕು, ಫ್ರೀಜರ್‌ನಲ್ಲಿ ಇಡಬಾರದು. ತೆರೆದ ಮೇಲೆ 28 ದಿನಕ್ಕೆ ಎಸೆಯಬೇಕು. ಇದನ್ನೆಲ್ಲ ನಾವು ಡಬ್ಬಿಯೊಳಗಿನ ಚೀಟಿ ಓದಿ ತಿಳಿದೆವು. ಅತ್ತೆ ಅದನ್ನು ಮೊಸರಿನ ಪಾತ್ರೆ ಪಕ್ಕ ಇಟ್ಟು, ಕರೆಂಟ್ ಹೋದಾಗೆಲ್ಲ ಫ್ರಿಜ್ ಬಾಗಿಲು ಮುಟ್ಟಬೇಡ್ರೋ ಅಂತ ಮಕ್ಕಳಿಗೆ ಗದರುತ್ತಿದ್ದಳು.

ಅದಕ್ಕಿಂತ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಮಾವನ ದವಡೆಯಲ್ಲಿ ಯಾವ ಹೊತ್ತೂ ತಂಬಾಕು ಇರುತ್ತದೆ. ಯಾರೂ ಅದರ ಮಾತೇ ಎತ್ತಲಿಲ್ಲ. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತದೆ, ಎಲುಬು ಕೂಡೋದಕ್ಕೆ ಅಡ್ಡ. ಸಕ್ಕರೆ ಕಾಯಿಲೆ, ವಿಟಮಿನ್ ಡಿ ಕೊರತೆ ಇವೂ ಅಡ್ಡವೇ. ಮೊದಲು ಇವನ್ನು ನೋಡಬೇಕಲ್ವಾ?

ಬರೆದುಕೊಟ್ಟರೆ ಮುಚ್ಚುಮರೆಯಿಲ್ಲದೆ ಕೇಳಿ: ನನಗೆ ಯಾಕೆ, ಎಷ್ಟು ತಿಂಗಳು, ಕೂಡುತ್ತಿದೆ ಅಂತ ಯಾವ ಎಕ್ಸ್‌ರೇಯಲ್ಲಿ ನೋಡುತ್ತೀರಿ? ಹಿಂದೆ ಕ್ಯಾನ್ಸರ್‌ಗೆ ರೇಡಿಯೇಶನ್ ಆಗಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದನ್ನು ನೀವೇ ಮೊದಲು ಹೇಳಿ, ಅಂಥವರಿಗೆ ಇದನ್ನು ಕೊಡೋದಿಲ್ಲ.