ಸತ್ಯಾಂಶ: ಕಂಪ್ಯೂಟರ್ ಸಾಹೇಬರು ತಪ್ಪೇ ಮಾಡಂಗಿಲ್ಲೇನು?

‘ಅಲ್ಬೇನಿಯಾದಾಗ ಎಐ ಮಂತ್ರಿ ಆಗೇತಿ, ಲಂಚ ಬಂದ್. ನಮ್ಮ ಕಚೇರಿಯಾಗೂ ಅದನ್ನ ಕೂಡಸ್ರಿ, ಅದಕ್ಕ ಜಾತಿ ಇಲ್ಲ, ತಪ್ಪೂ ಮಾಡಂಗಿಲ್ಲ.’ ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಬಂದ ಸಂದೇಶವಿದು.

ಎಐ ಮಂತ್ರಿಯಾದದ್ದು ನಿಜ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಬೇನಿಯಾದ ಪ್ರಧಾನಿ ಎಡಿ ರಾಮಾ ‘ಡಿಯೆಲಾ’ ಎಂಬ ಎಐಗೆ ಸರ್ಕಾರಿ ಟೆಂಡರುಗಳ ಮಂತ್ರಿ ಪಟ್ಟ ಕಟ್ಟಿದರು. ಲಂಚ ನಿಂತಿತೆಂಬುದು ಫಾರ್ವರ್ಡ್ ಮಾಡಿದವರ ಒಗ್ಗರಣೆ.

ಇನ್ನು ತಪ್ಪಿನ ಮಾತು. ಸರ್ಕಾರಿ ಭತ್ಯೆ ಹೆಚ್ಚು ಪಡೆದವರಿಂದ ಹಣ ವಸೂಲಿ ಮಾಡಲು ಆಸ್ಟ್ರೇಲಿಯಾ ಸರ್ಕಾರ ತಂದಿದ್ದ ‘ರೋಬೋಡೆಟ್’ ಯೋಜನೆ ನೋಡಿ. ಅದು ಎಐ ಕೂಡ ಅಲ್ಲ, ಬರೀ ಯಂತ್ರದ ಲೆಕ್ಕ. ವರ್ಷದ ಆದಾಯವನ್ನು ಎರಡೆರಡು ವಾರಕ್ಕೆ ಸಮನಾಗಿ ಹಂಚಿ, ‘ನೀವು ಹೆಚ್ಚು ಭತ್ಯೆ ಪಡೆದಿದ್ದೀರಿ, ವಾಪಸ್ ಕಟ್ಟಿ’ ಎಂದು ಲಕ್ಷಾಂತರ ಜನರಿಗೆ ಬಾಕಿ ಹೊರಿಸಿತು. ನಮ್ಮಲ್ಲಿ ಕಬ್ಬು ಕಡಿಯಲು ಗುಳೆ ಹೋಗುವವರ ಗಳಿಕೆಯೆಲ್ಲ ಹಂಗಾಮಿನದ್ದು. ಉಳಿದ ತಿಂಗಳು ಕೈ ಖಾಲಿ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಏನಾದೀತು? ಕೈ ಖಾಲಿಯಿದ್ದ ತಿಂಗಳಲ್ಲೂ ಗಳಿಕೆ ಇದ್ದಂತೆ ಕಾಣುತ್ತದೆ. ಅಲ್ಲೂ ಅದೇ ಆಯಿತು. 2023ರಲ್ಲಿ ತನಿಖಾ ಆಯೋಗ ಆ ಯೋಜನೆಯನ್ನು ಕಟುವಾಗಿ ಖಂಡಿಸಿತು.

ಹಾಗಂತ ಯಂತ್ರ ಬೇಡವೆಂದಲ್ಲ. 2000ದ ಸುಮಾರಿಗೆ ಬಂದ ‘ಭೂಮಿ’ ತಂತ್ರಾಂಶದಿಂದ ಹೊಲದ ಉತಾರ (ಪಹಣಿ) ಸಿಗುವುದು ಸಲೀಸಾಯಿತು. ಆದರೆ ದಾಖಲೆಯಲ್ಲಿ ಹೆಸರು ತಪ್ಪಿದ್ದರೆ ಅದೇ ತಪ್ಪು ಅಚ್ಚುಕಟ್ಟಾಗಿ ಪ್ರಿಂಟಾಗುತ್ತದೆ. ಕೃಷ್ಣೆಯ ನೆರೆ ಎಷ್ಟು ಏರೀತೆಂದು ಎಐ ಅಂದಾಜಿಸಬಹುದು. ಯಾವ ಊರನ್ನು ಮೊದಲು ತೆರವು ಮಾಡಬೇಕೆಂಬ ಆದೇಶಕ್ಕೆ ಸಹಿ ಹಾಕಿ, ನಾಳೆ ಜನರೆದುರು ನಿಂತು ಉತ್ತರಿಸಬೇಕಾದವರು ಅಧಿಕಾರಿಗಳೇ.