ಟಾರ್ಚ್ ನೆಟ್ಟಗೆ ಹಿಡಿ ಪುಟ್ಟಿ

ಕಾರಿನಲ್ಲಿ ಫ್ಯೂಸು ಹೋದರೆ ಸಾಮಾನ್ಯವಾಗಿ ಒಂದು ಹೋಗುತ್ತದೆ. ನನ್ನ ಕಾರಿನಲ್ಲಿ ಒಂದೇ ಭಾನುವಾರ ನಾಲ್ಕು ಹೋದವು. ಮೊದಲನೆಯದು ತಾನಾಗಿ ಹೋಯಿತು. ಉಳಿದ ಮೂರನ್ನು ನಾನೇ ಕೈಯಾರೆ ಕಳಿಸಿಕೊಟ್ಟೆ.

ಅವತ್ತು ಬೆಳಿಗ್ಗೆ ರಾಗಿಗುಡ್ಡದ ಆಂಜನೇಯನ ದರ್ಶನ ಮಾಡಿಕೊಂಡು, ಅಲ್ಲಿಂದ ನೇರ ಕೆಂಗೇರಿ ಆಚೆ ಒಂದು ಗೃಹಪ್ರವೇಶಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ನಾನು, ಹೆಂಡತಿ, ಅಮ್ಮ, ಐದು ವರ್ಷದ ಮಗಳು. ನಮ್ಮಮ್ಮ ದೇವರಿಗೆ ಹತ್ತು ರೂಪಾಯಿ ಹಾಕುವವರಲ್ಲ. ಹನ್ನೊಂದು. ಹತ್ತರ ನೋಟು ಅವರದು, ಮೇಲಿನ ಒಂದು ರೂಪಾಯಿ ನಾಣ್ಯ ಮೊಮ್ಮಗಳ ಕೈಗೆ. ನಾನು ಆಗ ಮೆಟ್ಟಿಲ ಕೆಳಗೆ ನಾಲ್ಕು ಜೊತೆ ಚಪ್ಪಲಿ ಕಾಯುತ್ತಿದ್ದೆ. ವಾಪಸ್ ಬಂದು ಪಾರ್ಕಿಂಗಿನವನಿಗೆ ದುಡ್ಡು ಕೊಡುವಷ್ಟರಲ್ಲಿ ಮಗಳು ಮುಂದಿನ ಸೀಟಿಗೆ ಹತ್ತಿ, ಡ್ಯಾಶ್‌ಬೋರ್ಡಿನ ಪುಟ್ಟ ಗಣಪತಿಗೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಅವಳನ್ನು ಹಿಂದಕ್ಕೆ ಕಳಿಸಿ ಕಾರು ತೆಗೆದೆ.

ಫೋನಿನಲ್ಲಿ ಬ್ಯಾಟರಿ 6 ಪರ್ಸೆಂಟ್ ಇತ್ತು. ಕಾರಿನಲ್ಲಿ ಚಾರ್ಜರ್ ಇದೆಯಲ್ಲ ಎಂಬ ಧೈರ್ಯ. ಆ ಸಾಕೆಟ್ಟಿಗೆ ಇವತ್ತಿಗೂ ಸಿಗರೇಟ್ ಲೈಟರ್ ಎಂದೇ ಹೆಸರು. ಅದರಲ್ಲಿ ಸಿಗರೇಟು ಹಚ್ಚಿದವರನ್ನು ನಾನಂತೂ ಕಂಡಿಲ್ಲ. ಚಾರ್ಜರ್ ಚುಚ್ಚಿದೆ. ದೀಪ ಹತ್ತಲಿಲ್ಲ. ತೆಗೆದು ಊದಿ ಮತ್ತೆ ಚುಚ್ಚಿದೆ. ಊದಿದರೆ ಏನಾಗುತ್ತದೋ ಗೊತ್ತಿಲ್ಲ, ಆದರೆ ನಮ್ಮ ಕಾಲದವರು ಎಲ್ಲವನ್ನೂ ಊದಿಯೇ ರಿಪೇರಿ ಮಾಡಿದವರು. ಹತ್ತಲಿಲ್ಲ. ಹೆಂಡತಿಯ ಫೋನು ಮನೆಯಲ್ಲಿ, ಚಾರ್ಜಿಗೆ ಹಾಕಿದ ಕಡೆಯೇ ಇತ್ತು. ಅಮ್ಮನದು ಬಟನ್ ಫೋನು. ಅದರಲ್ಲಿ ಮ್ಯಾಪ್ ಇಲ್ಲ, ಗೃಹಪ್ರವೇಶದವರ ನಂಬರೂ ಇಲ್ಲ.

ಕೆಂಗೇರಿ ದಾಟಿ ಎಡಕ್ಕೆ ತಿರುಗುವ ಹೊತ್ತಿಗೆ ಫೋನು ಕಣ್ಣು ಮುಚ್ಚಿತು. ಬೆಂಗಳೂರಿನ ಹೊಸ ಲೇಔಟುಗಳಲ್ಲಿ 4ನೇ ಕ್ರಾಸ್ ಆದ ಮೇಲೆ 5ನೇ ಕ್ರಾಸೇ ಬರಬೇಕೆಂಬ ಕಾನೂನಿಲ್ಲ. ನಮಗೆ 4 ಆದ ಮೇಲೆ 11 ಬಂತು, ಆಮೇಲೆ 4ಎ ಬಂತು, ಆಮೇಲೆ ಎಮ್ಮೆ ಬಂತು. ಟೀ ಅಂಗಡಿಯವನನ್ನು ಕೇಳಿದರೆ, "ಸ್ಟ್ರೈಟ್ ಹೋಗಿ ಲೆಫ್ಟ್ ತಗೊಳ್ಳಿ ಸಾರ್, ಅಲ್ಲಿ ಯಾರನ್ನಾದ್ರೂ ಕೇಳಿ" ಎಂದ. ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಶಾಮಿಯಾನ ಕಂಡಲ್ಲಿ ನುಗ್ಗಿದೆವು. ಅದು ಬೇರೆಯವರ ನಾಮಕರಣ. ನಮ್ಮ ಮನೆ ಸಿಕ್ಕಾಗ ಕೊನೆಯ ಪಂಕ್ತಿ ಏಳುತ್ತಿತ್ತು. ಹೋಳಿಗೆ ಮುಗಿದಿತ್ತು. ಅಮ್ಮ ಮಜ್ಜಿಗೆ ಅನ್ನ ಕಲಸಿಕೊಳ್ಳುತ್ತಾ ನನ್ನ ಕಡೆ ಒಂದು ಸಲ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಮನೆಗೆ ಬಂದವನೇ ಘೋಷಿಸಿದೆ. "ಫ್ಯೂಸ್ ಹೋಗಿದೆ ಅಷ್ಟೇ. ಐದು ನಿಮಿಷದ ಕೆಲಸ."

ಈ ಧೈರ್ಯ ಸುಮ್ನೆ ಬಂದಿದ್ದಲ್ಲ. ನಾನು ಫ್ಯೂಸ್ ಕಟ್ಟುವವರ ವಂಶದವನು. ಚಿಕ್ಕಂದಿನಲ್ಲಿ ಮೀಟರ್ ಬೋರ್ಡಿನಲ್ಲಿ ಬಿಳಿ ಪಿಂಗಾಣಿ ಫ್ಯೂಸ್ ಇರುತ್ತಿತ್ತು. ಕರೆಂಟ್ ಹೋದರೆ ಅಪ್ಪ ಮೊದಲು ಬೀದಿಗೆ ಬಂದು ಎದುರು ಮನೆಯಲ್ಲೂ ಹೋಗಿದೆಯಾ ನೋಡುತ್ತಿದ್ದರು. ಹೋಗಿದ್ದರೆ ನೆಮ್ಮದಿ. ಇಲ್ಲದಿದ್ದರೆ ಸ್ಟೂಲು, ಟೆಸ್ಟರ್, ಕಾಗದಕ್ಕೆ ಸುತ್ತಿಟ್ಟ ಫ್ಯೂಸ್ ವೈರ್. ಅದೂ ಮುಗಿದಿದ್ದರೆ ಹಳೇ ವೈರಿನಿಂದ ತಾಮ್ರದ ಒಂದೆಳೆ. ಟಾರ್ಚ್ ಹಿಡಿಯುವ ಕೆಲಸ ನನ್ನದು. "ನನ್ನ ಮುಖಕ್ಕಲ್ಲ, ಫ್ಯೂಸಿಗೆ ಹಿಡಿಯೋ" ಎಂದು ಬೈಸಿಕೊಂಡೇ ನಾನು ವಿದ್ಯುತ್ ಶಾಸ್ತ್ರ ಕಲಿತದ್ದು.

ಈಗ ಟಾರ್ಚ್ ಮಗಳ ಕೈಗೆ ಕೊಟ್ಟೆ.

ಕಾರಿನಲ್ಲಿ ಫ್ಯೂಸಿನ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಕಡೆ. ಒಂದು ಬಾನೆಟ್ ಒಳಗೆ ಬ್ಯಾಟರಿಯ ಹತ್ತಿರ. ಇನ್ನೊಂದು ಸ್ಟೇರಿಂಗ್ ಕೆಳಗೆ, ಡ್ರೈವರಿನ ಮಂಡಿಯ ಬಳಿ. ಈ ಎರಡನೆಯದನ್ನು ನೋಡಬೇಕೆಂದರೆ ಸೊಂಟ ಸೀಟಿನ ಮೇಲೆ, ತಲೆ ಬ್ರೇಕ್ ಪೆಡಲಿನ ಪಕ್ಕ, ಕಾಲು ರಸ್ತೆಯಲ್ಲಿ ಇರಬೇಕು. ಯೋಗದಲ್ಲಿ ಈ ಆಸನಕ್ಕೆ ಹೆಸರಿಲ್ಲ. ವಾಕಿಂಗ್ ಹೊರಟವರೆಲ್ಲ ನಿಂತು, "ಏನ್ ಬಿದ್ದೋಯ್ತು ಸಾರ್?" ಎಂದು ನನ್ನ ಕಾಲುಗಳನ್ನು ಕೇಳಿಕೊಂಡು ಹೋದರು.

ಮುಚ್ಚಳದ ಹಿಂದೆ ಯಾವ ಫ್ಯೂಸು ಯಾವುದಕ್ಕೆ ಎಂಬ ಪಟ್ಟಿ ಇತ್ತು. ಅಕ್ಷರ ಇರುವೆ ಗಾತ್ರದ್ದು. ಫ್ಯೂಸುಗಳು ಮಾತ್ರ ಚೆಂದ. ಜೆಮ್ಸ್ ಮಿಠಾಯಿ ಹಾಗೆ ಬಣ್ಣಬಣ್ಣ. ಬಣ್ಣ ಅಂದಕ್ಕಲ್ಲ, ಅದು ಆಂಪಿಯರ್ ಲೆಕ್ಕ, ಎಷ್ಟು ಕರೆಂಟ್ ತಡೆಯುತ್ತದೆ ಅನ್ನುವ ಗುರುತು. ಕೆಂಪು 10, ನೀಲಿ 15, ಹಳದಿ 20, ಹಸಿರು 30. ಸಾಕೆಟ್ಟಿನದು ನೀಲಿ. ಕೀ ತೆಗೆದಿಟ್ಟು, ಫ್ಯೂಸನ್ನು ಹೆಂಡತಿ ಹುಬ್ಬಿಗೆ ಇಟ್ಟುಕೊಂಡಿದ್ದ ಚಿಮುಟದಿಂದ ಎಳೆದೆ. ಇದಕ್ಕೆಂದೇ ಕಂಪನಿಯವರು ಪ್ಲಾಸ್ಟಿಕ್ಕಿನ ಪುಟ್ಟ ಚಿಮುಟ ಕೊಟ್ಟಿರುತ್ತಾರೆ, ಅದು ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿ ಇರುತ್ತದೆ ಎಂದು ತಿಳಿದದ್ದು ಮಾರನೇ ದಿನ. ಹುಬ್ಬಿನ ಚಿಮುಟ ಅಷ್ಟರಲ್ಲಿ ಸೊಟ್ಟಗಾಗಿತ್ತು. ಆ ವಿಷಯ ಇಲ್ಲಿ ಬೇಡ.

ಫ್ಯೂಸನ್ನು ಬೆಳಕಿಗೆ ಹಿಡಿದೆ. ಪ್ಲಾಸ್ಟಿಕ್ಕಿನೊಳಗೆ ಬಾಗಿದ ಸಣ್ಣ ಪಟ್ಟಿಯೊಂದು ಇರಬೇಕು. ಅದು ನಡುವೆ ಕರಗಿ ತುಂಡಾಗಿತ್ತು.

"ನೋಡು ಪುಟ್ಟಿ, ಇದೇ ಸುಟ್ಟೋಗಿರೋದು."

"ಅಪ್ಪಾ, ಅದು..."

"ಮಧ್ಯ ಮಾತಾಡಬೇಡ, ಕರೆಂಟ್ ವಿಷಯ. ಟಾರ್ಚ್ ನೆಟ್ಟಗೆ ಹಿಡಿ."

ಮುಚ್ಚಳದಲ್ಲೇ ಒಂದು ಸ್ಪೇರ್ ನೀಲಿ ಇತ್ತು. ಹಾಕಿದೆ, ಕೀ ತಿರುಗಿಸಿದೆ. ಚಾರ್ಜರ್ ದೀಪ ಹತ್ತಲಿಲ್ಲ. ತೆಗೆದು ನೋಡಿದರೆ ಅದೂ ತುಂಡು. ಸ್ಪೇರ್ ಹಳೆಯದಾಗಿರಬೇಕು ಅಂದುಕೊಂಡೆ. ಫ್ಯೂಸು ಮೊಸರಲ್ಲ, ಇಟ್ಟಲ್ಲೇ ಹುಳಿಯುವುದಿಲ್ಲ. ಆದರೆ ತಲೆ ಕೆಳಗಾಗಿದ್ದಾಗ ರಕ್ತದ ಜೊತೆ ಬುದ್ಧಿಯೂ ಎಲ್ಲೋ ಒಂದು ಕಡೆ ಇಳಿದುಬಿಡುತ್ತದೆ.

ಪಟ್ಟಿ ನೋಡಿದೆ. ಹಿಂದಿನ ವೈಪರಿನದೂ ನೀಲಿ 15. ಹಿಂದೆ ನೋಡಿ ನನಗೆ ಆಗಬೇಕಾದ್ದೇನಿದೆ? ಕಿತ್ತು ಹಾಕಿದೆ. ಅದೂ ಹೋಯಿತು. ಹಾರ್ನಿನದೂ ನೀಲಿ 15. ಇದೊಂದು ಖಂಡಿತ ಚೆನ್ನಾಗಿದೆ, ಬೆಳಿಗ್ಗೆಯಿಂದ ನೂರು ಸಲ ಹೊಡೆದಿದ್ದೇನೆ. ಹಾಕಿದೆ, ಕೀ ತಿರುಗಿಸಿದೆ. ದೀಪ ಇಲ್ಲ. ಅಂಗೈಯಲ್ಲಿ ನಾಲ್ಕು ನೀಲಿ ಫ್ಯೂಸು, ನಾಲ್ಕೂ ಒಂದೇ ಜಾಗದಲ್ಲಿ ತುಂಡು. ತುಂಡಾಗಿದೆ ಅನ್ನುವುದನ್ನೇ ನಾಲ್ಕು ಸಲ ನೋಡಿದೆ. ಯಾಕೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

"ಅಪ್ಪಾ, ನಾನು ಹೇಳ್ಲಾ..."

"ಸುಮ್ನಿರು ಪುಟ್ಟಿ."

ಅಷ್ಟರಲ್ಲಿ ರಸ್ತೆಯಲ್ಲಿ ಸಣ್ಣ ಸಭೆ ಸೇರಿತ್ತು. ಪಕ್ಕದ ಮನೆ ಹುಡುಗ, "ಅಂಕಲ್, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕ್ಬಿಡಿ, ಜನ್ಮದಲ್ಲಿ ಹೋಗಲ್ಲ" ಎಂದು ಜೇಬಿನಿಂದ ಪ್ಯಾಕನ್ನೇ ತೆಗೆದುಕೊಟ್ಟ. ಅವನ ಜೇಬಿನಲ್ಲಿ ಅದು ಇರುತ್ತದೆ ಎನ್ನುವುದು ಬಾಲ್ಕನಿಯಲ್ಲಿ ನಿಂತಿದ್ದ ಅವನ ತಾಯಿಗೂ ಹೊಸ ಸುದ್ದಿ. ಹುಡುಗನನ್ನು ಮೇಲಕ್ಕೆ ಕರೆದರು. ಇನ್ನೊಬ್ಬರು ಹಸಿರು 30 ಹಾಕಿ ಎಂದರು. 15 ತಡೆಯದಿದ್ದರೆ 30 ತಡೆಯುತ್ತದೆ. ಕೇಳುವುದಕ್ಕೆ ನ್ಯಾಯವಾಗೇ ಇತ್ತು. ನನ್ನ ಕೈ ಹಸಿರಿನ ಕಡೆ ಹೋಗಿಯೂ ಹೋಗಿತ್ತು.

"ಕೈ ತೆಗೀರಿ!"

ಮೂರನೇ ಮನೆಯ ರಾಯರು. ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಆ ಸಂಸ್ಥೆ ನಮ್ಮೂರಲ್ಲಿ ಬೆಸ್ಕಾಂ ಆಗಿ 2002ರಿಂದ ಎಷ್ಟೋ ವರ್ಷವಾಯಿತು, ಅವರು ಮಾತ್ರ ಇನ್ನೂ ಕೆಇಬಿಯೇ. "ವೈರಿಗಿಂತ ಮೊದಲು ಸುಡಲಿ ಅಂತಾನೇ ಫ್ಯೂಸ್ ಇಡೋದು ಕಣ್ರೀ. 30 ಹಾಕಿದ್ರೆ ಫ್ಯೂಸ್ ಕೂತಿರತ್ತೆ, ವೈರ್ ಬೇಯತ್ತೆ. ಆಮೇಲೆ ಕಾರು. ಬೆಳ್ಳಿ ಕಾಗದ ಹಾಕಿದ್ರಂತೂ ದೇವರೇ ಗತಿ." ಆಮೇಲೆ ನನ್ನ ಚಾರ್ಜರನ್ನು ತಿರುಗಿಸಿ ಕನ್ನಡಕ ಮೇಲೇರಿಸಿ ಓದಿದರು. "ಕಾರಿಂದು 12 ವೋಲ್ಟು, ಫ್ಯೂಸು 15 ಆಂಪಿಯರು. ಅಂದ್ರೆ ಫ್ಯೂಸು 180 ವ್ಯಾಟ್ ತಡೆಯತ್ತೆ. ಇದು 20 ವ್ಯಾಟ್ ತಿನ್ನತ್ತೆ. ಮಿಕ್ಕಿದ್ದು ತಿಂತಾ ಇರೋದು ಯಾರು?"

ಮಿಕ್ಕಿದ್ದು ಯಾರು ತಿನ್ನುತ್ತಿದ್ದಾರೆಂದು ನನಗೇನು ಗೊತ್ತು. ಕತ್ತಲಾಗಿತ್ತು, ಸೊಳ್ಳೆ ನನ್ನನ್ನು ತಿನ್ನುತ್ತಿದ್ದವು. ಪೆಟ್ಟಿಗೆ ಮುಚ್ಚಿ ಒಳಗೆ ಹೋದೆ.

ಸೋಮವಾರ ಬೆಳಿಗ್ಗೆ ಬನಶಂಕರಿಯಿಂದ ಜೆ.ಸಿ. ರೋಡಿಗೆ ಹೊರಟೆ. ಕಾರಿನ ಯಾವ ಭಾಗವಾದರೂ ಸಿಗುವ ಜಾಗ ಅದು. ಹಾರ್ನ್ ಇಲ್ಲ ಎನ್ನುವುದು ನೆನಪಾದದ್ದು ನಮ್ಮ ಬೀದಿಯ ತಿರುವಿನಲ್ಲೇ. ತರಕಾರಿ ಗಾಡಿ ಅಡ್ಡ ನಿಂತಿತ್ತು. ಹಾರ್ನ್ ಒತ್ತಿದೆ. ಮೌನ. ಮೂರು ಸಲ ಒತ್ತಿದೆ. ಮೌನವೂ ಮೂರು ಸಲ. ಗಾಜು ಇಳಿಸಿ ತಲೆ ಹೊರಗೆ ಹಾಕಿ, "ಸ್ವಲ್ಪ ಜರುಗ್ತೀರಾ?" ಎಂದೆ. ಗಾಡಿಯವರು ಎಷ್ಟು ಗಾಬರಿಯಾದರೆಂದರೆ, ಜರುಗುವುದು ಬಿಟ್ಟು, "ಏನಾಯ್ತು ಸಾರ್?" ಎಂದು ಹತ್ತಿರ ಬಂದರು.

ನಮ್ಮೂರಿನಲ್ಲಿ ಹಾರ್ನ್ ಅಂದರೆ ಭಾಷೆ. ಒಂದು ಸಣ್ಣ ಪೀಂ, "ನಾನಿದ್ದೀನಿ" ಅಂತ. ಎರಡು ಪೀಂ, "ಸಿಗ್ನಲ್ ಬಿಟ್ಟಿದೆ, ಫೋನ್ ಇಡು." ಉದ್ದ ಪೀಂ, ಎದುರಿನವನ ವಂಶದ ಬಗ್ಗೆ. ಸೌತ್ ಎಂಡ್ ಸರ್ಕಲ್ಲಿನಲ್ಲಿ ನಾನು ಮೂಗನಾಗಿ ನಿಂತಿದ್ದೆ. ಹಸಿರು ಬಂದರೂ ಮುಂದಿನ ಕಾರು ಕದಲಲಿಲ್ಲ. ನನ್ನ ಹಿಂದಿನವರು ನನಗೆ ಹಾರ್ನ್ ಹೊಡೆದರು. ಅದನ್ನು ಮುಂದಕ್ಕೆ ದಾಟಿಸುವ ಶಕ್ತಿ ನನ್ನಲ್ಲಿರಲಿಲ್ಲ. ಲಾಲ್‌ಬಾಗ್ ವೆಸ್ಟ್ ಗೇಟಿನ ಹತ್ತಿರ ಆಟೋ ಒಂದು ನನ್ನ ಕಡೆಗೇ ವಾಲಿಕೊಂಡು ಬಂತು. ಹೆಡ್‌ಲೈಟ್ ಮಿಣಮಿಣಿಸಿದೆ. ಹಾಡುಹಗಲು. ಆಟೋದವನು ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ಹಾರ್ನ್ ಇಲ್ವಾ ಅಣ್ಣ?" ಎಂದ. ಇಲ್ಲ ಎಂದೆ. "ಹಾಗಾದ್ರೆ ಯಾಕಣ್ಣ ಗಾಡಿ ತೆಗೆದೆ?" ಎಂದು ನಿಜವಾಗಿ ಮರುಗಿ, ಮಿನರ್ವ ಸರ್ಕಲ್ಲಿನವರೆಗೂ ನನ್ನ ಪಕ್ಕದಲ್ಲೇ ಬಂದು ನನ್ನ ಪರವಾಗಿ ತಾನೇ ಹೊಡೆದುಕೊಂಡು ಬಂದ.

ಅಂಗಡಿಯಲ್ಲಿ ನಾಲ್ಕು ಹೆಣಗಳನ್ನೂ ಕೌಂಟರ್ ಮೇಲಿಟ್ಟೆ. ಅಂಗಡಿಯವರು ಒಂದನ್ನು ಎತ್ತಿ, ಮಿನಿ ಸೈಜು ಎಂದು ಗುರುತಿಸಿದರು. ಇದರಲ್ಲಿ ಸೈಜುಗಳೂ ಬೇರೆ ಬೇರೆ ಎಂದು ಆಗಲೇ ನನಗೆ ಗೊತ್ತಾದದ್ದು. "ನಾಲ್ಕೂ ಒಂದೇ ಜಾಗದ್ದಾ?" ಎಂದರು. ಹೌದು ಎಂದೆ. ಒಂದು ನಗು ಬಂದು ಹೋಯಿತು. "ಫ್ಯೂಸ್ ಐದು ಕೊಡ್ತೀನಿ. ಆದ್ರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ ಸಾರ್, ಇಲ್ಲಾಂದ್ರೆ ಸಂಜೆ ಮತ್ತೆ ಬರ್ತೀರ."

ಎಲೆಕ್ಟ್ರಿಷಿಯನ್ ಪಕ್ಕದ ಗಲ್ಲಿಯಲ್ಲೇ ಇದ್ದ. ಇಪ್ಪತ್ತೆರಡು ವರ್ಷ ಇರಬಹುದು, ಕಿವಿಯಲ್ಲಿ ಇಯರ್‌ಫೋನ್. ಹಾರ್ನ್, ವೈಪರ್ ಫ್ಯೂಸು ಹಾಕಿದ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಗಿಲ ಬೋಲ್ಟಿಗೆ ಕಚ್ಚಿಸಿ, ಕೀ ಆನ್ ಮಾಡಿ, ಮೊನೆಯನ್ನು ಫ್ಯೂಸಿನ ನೆತ್ತಿಯ ಮೇಲೆ ಮುಟ್ಟಿಸಿದ. ಅಲ್ಲಿ ಎರಡು ಚುಕ್ಕೆ ಲೋಹ ಕಾಣುತ್ತದೆ. ಎರಡರಲ್ಲೂ ದೀಪ ಹತ್ತಿದರೆ ಫ್ಯೂಸು ಸರಿ, ಒಂದರಲ್ಲಿ ಮಾತ್ರ ಹತ್ತಿದರೆ ಹೋಗಿದೆ. ಕಿತ್ತು ನೋಡುವ ಗೋಜೇ ಇಲ್ಲ. ನನಗೆ ಹುಬ್ಬಿನ ಚಿಮುಟ ನೆನಪಾಯಿತು.

ಸಾಕೆಟ್ಟಿಗೆ ಅವನು ಫ್ಯೂಸ್ ಹಾಕಲೇ ಇಲ್ಲ. ಬಗ್ಗಿ, ಮೊಬೈಲ್ ಟಾರ್ಚ್ ಬಿಟ್ಟು, ಒಳಗೆ ಇಣುಕಿದ. ನಾನು ನಾಲ್ಕು ಫ್ಯೂಸು ಸುಟ್ಟರೂ ಮಾಡದಿದ್ದ ಒಂದೇ ಕೆಲಸ ಅದು.

"ಸಾರ್, ಬಂಡವಾಳ ಹಾಕಿದ್ದೀರ" ಎಂದ.

ಉದ್ದ ಮೂತಿಯ ಪ್ಲೈಯರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ ಒಳಗೆ ಬಿಟ್ಟು ಎಳೆದ. ಒಂದು ರೂಪಾಯಿ. ಹೊಸ ಮಾದರಿಯದು, ಚಿಕ್ಕದು, ಅಡ್ಡಳತೆ 20 ಮಿಲಿಮೀಟರ್. ಸಾಕೆಟ್ಟಿನ ಬಾಯಿ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಹೇಳಿ ಮಾಡಿಸಿದ ಹಾಗೆ ತಳದಲ್ಲಿ ಮಲಗಿತ್ತು. ಸಾಕೆಟ್ಟಿನ ನಡುವೆ ಪಾಸಿಟಿವ್, ಸುತ್ತಲಿನ ಗೋಡೆ ನೆಗೆಟಿವ್. ನಾಣ್ಯ ಎರಡನ್ನೂ ಮುಟ್ಟಿಕೊಂಡು ಶಾರ್ಟ್ ಸರ್ಕ್ಯೂಟ್ ಮಾಡುತ್ತಿತ್ತು. ಅಂಚು ಒಂದು ಕಡೆ ಕಪ್ಪಾಗಿತ್ತು. ಹುಡುಗ ಐದನೇ ಫ್ಯೂಸು ಹಾಕಿದ, ಚಾರ್ಜರ್ ದೀಪ ಹತ್ತಿತು. ನೂರು ರೂಪಾಯಿ ತೆಗೆದುಕೊಂಡು, ನಾಣ್ಯವನ್ನು ನನ್ನ ಕೈಗಿಟ್ಟು, "ಡಿಸ್ಕೌಂಟ್" ಎಂದ.

ವಾಪಸ್ ಬರುವಾಗ ನಾನು ಅಗತ್ಯವಿಲ್ಲದ ಕಡೆಯೂ ಹಾರ್ನ್ ಹೊಡೆದೆ. ತಪ್ಪೆಂದು ಗೊತ್ತು.

ಮನೆಯಲ್ಲಿ ನಾಣ್ಯವನ್ನು ಟೇಬಲ್ಲಿನ ಮೇಲಿಟ್ಟು ಲಾಯರ್ ಥರ ನಿಂತೆ. "ಇದನ್ನು ಕಾರಿನ ತೂತಿಗೆ ಹಾಕಿದ್ದು ಯಾರು?"

"ನಾನು" ಎಂದಳು ಮಗಳು. ಮುಖದಲ್ಲಿ ಒಂಚೂರೂ ಅಳುಕಿಲ್ಲ. "ಗುಡೀಲಿ ಹುಂಡಿ ನಂಗೆ ಎಟುಕ್ಲಿಲ್ಲ. ಅದಕ್ಕೆ ಕಾರಲ್ಲಿರೋ ಗಣಪತಿ ಹುಂಡಿಗೆ ಹಾಕ್ದೆ."

ಡ್ಯಾಶ್‌ಬೋರ್ಡನ್ನು ಕಣ್ಣ ಮುಂದೆ ತಂದುಕೊಂಡೆ. ಮೇಲೆ ಗಣಪತಿ. ಅವನ ಪಾದದ ನೇರಕ್ಕೆ, ಕೆಳಗೆ, ದುಂಡನೆಯ ತೂತು. ಹುಂಡಿಯಲ್ಲದೆ ಇನ್ನೇನು?

"ಮತ್ತೆ ಹೇಳಬಾರದಾಗಿತ್ತಾ?"

"ಎರಡು ಸಲ ಹೇಳಕ್ಕೆ ಬಂದೆ. ಟಾರ್ಚ್ ನೆಟ್ಟಗೆ ಹಿಡಿ ಅಂದ್ರಿ."

ಹೆಂಡತಿ ಅಡುಗೆಮನೆಯೊಳಗೆ ಹೋಗಿಬಿಟ್ಟಳು. ಅಲ್ಲಿಂದ ಕುಕ್ಕರಿನದಲ್ಲದ ಸದ್ದು ಬರುತ್ತಿತ್ತು. ಅಮ್ಮ ಮಾತ್ರ ನಗಲಿಲ್ಲ. ಅವರ ಕಣ್ಣು ನಾಣ್ಯದ ಮೇಲಿತ್ತು.

"ದೇವರಿಗೆ ಹಾಕಿದ ದುಡ್ಡು. ಅದನ್ನ ಪ್ಲೈಯರ್ ಹಾಕಿ ಕೀಳ್ಸಿದ್ಯಾ?"

"ಅಮ್ಮಾ, ಅದು ಸಾಕೆಟ್ಟು..."

"ಮಗು ಭಕ್ತಿಯಿಂದ ಹಾಕಿದ್ದು. ತಪ್ಪು ಕಾಣಿಕೆ ಕಟ್ಟಬೇಕು. ಶನಿವಾರ ರಾಗಿಗುಡ್ಡಕ್ಕೆ ಹೋಗೋಣ."

ತಪ್ಪು ಕಾಣಿಕೆ ಎಷ್ಟು ಎಂದು ನಾನು ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಅಮ್ಮ ಹತ್ತರ ನೋಟನ್ನು ಮಡಚಿ ನನ್ನ ಜೇಬಿಗಿಟ್ಟರು. ಅಂಚು ಕಪ್ಪಾದ ಆ ಒಂದು ರೂಪಾಯಿಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮೊಮ್ಮಗಳ ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿಸಿದರು. ನಾನು ಅವರಿಗಿಂತ ಮುಂಚೆ ಇಳಿದುಹೋಗಿ, ಚಾರ್ಜರನ್ನು ಸಾಕೆಟ್ಟಿಗೆ ಒತ್ತಿ ಕೂರಿಸಿ, ಎರಡು ಸಲ ಅಲುಗಾಡಿಸಿ ನೋಡಿ, ಆಮೇಲೆ ಮಗಳಿಗೆ ಕಾರಿನ ಬಾಗಿಲು ತೆಗೆದೆ.